ಬಾಣಂತಿ ಕೋಣೆಯ ಎಸಿ

ಹೊಸಪೇಟೆಯ ಮೇ ತಿಂಗಳಿನಲ್ಲಿ ಬಾಣಂತನ ಮಾಡುವುದೆಂದರೆ ಹುಡುಗಾಟವಲ್ಲ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗೆ ಬಾಣಂತಿಗೆ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕುಡಿಯಲು ಬಿಸಿನೀರು. ಹಂಪಮ್ಮ ಇದನ್ನೆಲ್ಲ ಚಾಚೂ ತಪ್ಪದೆ ಮಾಡುವ ಹೆಂಗಸು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯುವುದಕ್ಕೆ ಅವಳಿಗೇ ಕರೆ ಬರುತ್ತಿತ್ತು. ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ಎರೆದು, ಸಗಣಿ ಕುಳ್ಳಿನ ಕೆಂಡಕ್ಕೆ ಲೋಬಾನ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಕೊಟ್ಟರೆ ಎಂಥ ಹಟಮಾರಿ ಕೂಸೂ ನಿದ್ದೆಗೆ ಜಾರುತ್ತಿತ್ತು. ಅದು ಅವಳ ಹೆಮ್ಮೆ. ಇಂಥವಳಿಗೆ ಸ್ವಂತ ಮಗಳ ಬಾಣಂತನದಲ್ಲಿ ಎದುರಾಳಿಯಾಗಿ ಬಂದದ್ದು ಒಂದು ಎಸಿ.

ಅಳಿಯ ಹಾಲೇಶ್ ಕಂಪ್ಲಿಯವನು. ಹೆಂಡತಿ ಸೌಜನ್ಯ ಕಡು ಬೇಸಿಗೆಯಲ್ಲಿ ತವರಿಗೆ ಹೊರಟಾಗ, ಅಲ್ಲಿ ಅವಳ ಕೋಣೆಗೆ ತಾನೇ ಮುಂದೆ ನಿಂತು ಎಸಿ ಹಾಕಿಸಿದ್ದ. ಬಾಣಂತಿ ಕೋಣೆಗೆ ತಂಪು ಗಾಳಿ ಎಂದರೆ ಹಂಪಮ್ಮನಿಗೆ ಅಪಶಕುನ. ಆದರೆ ಅಳಿಯನ ಮಾತು ತೆಗೆದುಹಾಕುವಂತಿಲ್ಲ. ಕೊನೆಗೆ ರಾಜಿಯಾಯಿತು. ಎಸಿ ಇಪ್ಪತ್ತೇಳರ ಕೆಳಗೆ ಇಳಿಯಬಾರದು, ಗಾಳಿ ತೊಟ್ಟಿಲ ಮೇಲೆ ಬೀಳಬಾರದು, ಎರೆದ ಮೇಲೆ ಹೊಗೆ ಮಾತ್ರ ತಪ್ಪಬಾರದು. ತಂಪು ಆಚೆ ಹೋಗದ ಹಾಗೆ ಕಿಟಕಿಯ ಸಂದಿಗಳಿಗೆ ಟೇಪು ಹಚ್ಚಿ, ಬಾಗಿಲ ಕೆಳಗೆ ಹಳೆ ಸೀರೆ ತುರುಕಿದ್ದಾಯಿತು. ಆ ಕೆಲಸವನ್ನೂ ಹಂಪಮ್ಮನೇ ಅಚ್ಚುಕಟ್ಟಾಗಿ ಮಾಡಿದಳು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಕೂಸು ಕೆಮ್ಮತೊಡಗಿತು. ಇನ್ನೂ ಎರಡು ತಿಂಗಳು ತುಂಬದ ಕೂಸು, ಕೆಮ್ಮಿದರೆ ಇಡೀ ಮೈ ಕುಲುಕುತ್ತಿತ್ತು. ಸದ್ಯಕ್ಕೆ ಭಯವಿಲ್ಲ, ಹೆಚ್ಚಾದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

"ನಾ ಮೊದ್ಲ ಹೇಳಿದ್ನಿಲ್ಲ? ಈ ಎಸಿ ಗಾಳಿನ ಕೂಸಿನ ಎದಿಯಾಗ ಕುಂತೈತಿ," ಎಂದು ಹಂಪಮ್ಮ ಎಸಿ ಆರಿಸಿದಳು. ಮರುದಿನ ಕೂಸಿನ ಕುತ್ತಿಗೆ, ಬೆನ್ನಿನ ಮೇಲೆಲ್ಲ ಬೆವರುಸಾಲೆ. ಮತ್ತೆ ಹಾಕಿದರೆ ಎಸಿ ಸುಮ್ಮನೆ ಗುಂಯ್ ಎನ್ನುತ್ತಿತ್ತೇ ಹೊರತು ಮೊದಲಿನ ತಂಪಿಲ್ಲ. ನಿದ್ದೆಗೆಟ್ಟ ಸೌಜನ್ಯಳ ತಾಳ್ಮೆ ಮುಗಿದಿತ್ತು.

"ಅವ್ವಾ, ನಾ ಕಂಪ್ಲಿಗೆ ಹೋಗ್ತೀನಿ. ಅಲ್ಲಿ ಮನಿ ಗದ್ದಿ ಮಗ್ಗಲಕ್ಕೈತಿ, ಕಿಟಕಿ ತೆಗದ್ರ ಸಾಕು. ನಾಳೆ ಅವರಿಗೆ ಬಾ ಅಂತ ಹೇಳ್ತೀನಿ," ಎಂದಳು.

ಬಾಣಂತನ ಅರ್ಧಕ್ಕೆ ಬಿಟ್ಟು ಮಗಳು ಹೋದರೆ ಓಣಿಯವರಿಗೆ ಏನು ಹೇಳುವುದು ಎಂಬುದು ಹಂಪಮ್ಮನ ಮೊದಲ ಯೋಚನೆ. ಕೂಸಿಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ತಾನೇನು ಮಾಡಬೇಕು ಎಂಬುದು ಎರಡನೆಯದು. ಎರಡನೆಯದೇ ಹೆಚ್ಚು ನೋಯಿಸಿತು.

ಎಸಿ ರಿಪೇರಿಯವನಿಗೆ ಫೋನ್ ಮಾಡಿದರೆ, ಸೀಸನ್ನು, ಬರಲು ವಾರ ಆಗುತ್ತದೆ, ಅಲ್ಲಿಯವರೆಗೆ ಫಿಲ್ಟರ್ ತೊಳೆದು ನೋಡಿ ಎಂದ. ಗಂಡ ತೋಟಪ್ಪ ಅಕ್ಕಿ ಗಿರಣಿಯ ಕೆಲಸದಿಂದ ನಿವೃತ್ತನಾದವನು. ಮೊಣಕಾಲು ನೋವೆಂದು ಸ್ಟೂಲು ಹತ್ತುವ ಮಾತಿಲ್ಲ. ಅವನು ಕೆಳಗೆ ಸ್ಟೂಲು ಹಿಡಿದು ಯಜಮಾನಿಕೆ ಮಾಡಿದ, ಹಂಪಮ್ಮ ಸೆರಗು ಸಿಗಿಸಿ ಮೇಲೆ ಹತ್ತಿದಳು.

"ಸ್ವಿಚ್ ಆರಿಸೀರಿಲ್ಲ?"

"ಆರಿಸೀನಿ. ಮುಚ್ಚಳ ಎರಡೂ ಕಡಿ ಹಿಡಿದು ಮ್ಯಾಲಕ್ಕೆತ್ತು. ಒಳಗ ಜಾಳಗಿ ಇರತೈತಿ, ಮೆಲ್ಲಕ ಎಳಿ," ಎಂದ ತೋಟಪ್ಪ.

ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆ ಅದು. ಕಿಟಕಿ ಒರೆಸಿದರೆ ಬಟ್ಟೆ ಕೆಂಪಾಗುತ್ತದೆ. ಒಳಗೂ ಅದೇ ಕೆಂಪು ಧೂಳು ಇದ್ದೀತು ಎಂದುಕೊಂಡು ಎಳೆದರೆ, ಬಂದದ್ದು ಕಪ್ಪು. ಬೆರಳಿಗೆ ಜಿಗುಟಾಗಿ ಅಂಟಿತು. ಹಂಪಮ್ಮ ಮೂಸಿ ನೋಡಿದಳು. ಲೋಬಾನ, ಜೊತೆಗೆ ಸುಟ್ಟ ಬೆಳ್ಳುಳ್ಳಿ ಸಿಪ್ಪೆಯ ಕಮಟು.

ಸ್ಟೂಲಿನ ಮೇಲೆ ನಿಂತಲ್ಲೇ ಅವಳಿಗೆ ಎಲ್ಲ ಹೊಳೆಯಿತು. ಅವಳು ಹೊಗೆ ಕೊಡಲು ಕಲಿತದ್ದು ಹೆಂಚಿನ ಮನೆಗಳಲ್ಲಿ. ಅಲ್ಲಿ ಹೊಗೆ ಕೂಸಿನ ನೆತ್ತಿ ಸವರಿ ಹೆಂಚಿನ ಸಂದಿಯಿಂದ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಇಲ್ಲಿ ಸಂದಿಗಳನ್ನೆಲ್ಲ ತಾನೇ ಕೈಯಾರೆ ಮುಚ್ಚಿದ್ದಳು. ಹೊಗೆ ಹೋಗುವುದಾದರೂ ಎಲ್ಲಿಗೆ? ಎಸಿಯೊಳಕ್ಕೆ, ಇಲ್ಲವೇ ಕೂಸಿನೊಳಕ್ಕೆ. ಎಸಿಗಾದರೂ ಜಾಳಿಗೆ ಇತ್ತು.

ತೋಟಪ್ಪ ಅವಳ ಮುಖ ನೋಡಿದ. ಇಷ್ಟು ವರ್ಷ ಜೊತೆಗೆ ಬಾಳಿದವನಿಗೆ ಆ ಮುಖ ಓದಲು ಕನ್ನಡಕ ಬೇಕಿರಲಿಲ್ಲ.

"ಲಾರಿ ಧೂಳಿರಬೇಕು ಬಿಡು," ಎಂದ ತಗ್ಗಿದ ದನಿಯಲ್ಲಿ. "ತೊಳದಿಡು. ಯಾರಿಗೇನೂ ಹೇಳೂದು ಬ್ಯಾಡ."

ಬಚ್ಚಲಲ್ಲಿ ನಲ್ಲಿ ಬಿಟ್ಟು, ಹಳೆ ಬ್ರಷ್ಷಿನಿಂದ ಜಾಳಿಗೆ ತಿಕ್ಕುತ್ತ ಕೂತಾಗ ಗಂಡನ ಮಾತು ಹಂಪಮ್ಮನಿಗೆ ಹಿತವೆನಿಸಿತು. ಏನಾದರೂ ನೆಪ ಹೇಳಿ ನಾಳೆಯಿಂದ ಹೊಗೆ ನಿಲ್ಲಿಸಿದರಾಯಿತು. ಕೆಮ್ಮೂ ನಿಲ್ಲುತ್ತದೆ, ಮಗಳೂ ಉಳಿಯುತ್ತಾಳೆ, ತನ್ನ ಹೆಸರೂ. ಕಪ್ಪು ನೀರು ಬಚ್ಚಲ ತೂತಿನತ್ತ ಹರಿದು ಹೋಗುತ್ತಿತ್ತು. ಅಷ್ಟರಲ್ಲಿ ಕೋಣೆಯಿಂದ ಸೌಜನ್ಯಳ ದನಿ ಕೇಳಿಸಿತು. ಫೋನಿನಲ್ಲಿ ಗಂಡನ ಮೇಲೆ ಅಳುತ್ತ ರೇಗುತ್ತಿದ್ದಳು.

"ನೀವು ಹಾಕ್ಸಿದ ಎಸಿನ ಕೂಸಿಗೆ ಹಿಂಗ ಮಾಡೇತಿ. ಅವ್ವ ಆವಾಗ್ಲ ಬ್ಯಾಡ ಅಂದಿದ್ಲು, ನೀವ ಕೇಳಲಿಲ್ಲ."

ಹಂಪಮ್ಮನಿಗೆ ಕೂತಿರಲಾಗಲಿಲ್ಲ. ನೀರು ತೊಟ್ಟಿಕ್ಕುವ ಜಾಳಿಗೆ ಹಿಡಿದುಕೊಂಡೇ ಒಳಗೆ ಹೋದಳು. ಅರ್ಧ ತೊಳೆದಿತ್ತು, ಅರ್ಧ ಇನ್ನೂ ಕಪ್ಪಗಿತ್ತು.

"ಅವರಿಗೆ ಬೈಬ್ಯಾಡ. ಎಸಿದಲ್ಲ ತಪ್ಪು, ನಂದು," ಎಂದಳು. "ಬಾಗ್ಲಾ ಹಾಕ್ಕೊಂಡು ದಿನಾ ಹೊಗಿ ಕುಡಿಸೀನಿ ಕೂಸಿಗೆ. ಮೂಸಿ ನೋಡು ಬೇಕಾದ್ರ."

ಸೌಜನ್ಯ ಮೂಸಿ ನೋಡಿದಳು. ಫೋನು ಕೆಳಗಿಟ್ಟಳು. ಕೂಸನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಹಿಡಿತವನ್ನು ತಡೆದುಕೊಳ್ಳಲು ಹಂಪಮ್ಮನಿಂದಾಗಲಿಲ್ಲ.

ಮರುದಿನ ಹಾಲೇಶ್ ಬಂದ. ಕಟ್ಟಿಟ್ಟ ಚೀಲ ಬಾಗಿಲ ಬಳಿ ಇತ್ತು. ಸೌಜನ್ಯ, "ಹೊಗಿ ಇಲ್ದ ಎರಡ ದಿನ ನೋಡಾಣ," ಎಂದಳು. ಚೀಲ ಬಿಚ್ಚಲಿಲ್ಲ.

ಹಂಪಮ್ಮ ಕಿಟಕಿಯ ಟೇಪು ಕಿತ್ತಳು. ನೆರಳಿನಲ್ಲಿ ಆರಿದ ಜಾಳಿಗೆಯನ್ನು ಎಸಿಗೆ ಹಾಕಿದಳು. ಬೆಳಿಗ್ಗೆ ಸ್ವಲ್ಪ ಹೊತ್ತು ಕಿಟಕಿ ತೆರೆದಿಟ್ಟು, ಬಿಸಿಲೇರಿದ ಮೇಲೆ ಮುಚ್ಚಿ ಎಸಿ ಹಾಕುವುದು ರೂಢಿಯಾಯಿತು. ಕೂಸಿಗೆ ಎರೆದಾದ ಮೇಲೆ ಹೊಗೆಯಿಲ್ಲದೆ ಕೈಗೆ ಏನು ಕೆಲಸ ಕೊಡಬೇಕೋ ತಿಳಿಯದೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಒಂದು ಮಧ್ಯಾಹ್ನ ಸೌಜನ್ಯ ತಾನಾಗಿಯೇ ಕೂಸನ್ನು ತಂದು ಅವಳ ತೊಡೆಯ ಮೇಲೆ ಹಾಕಿ, ಪಕ್ಕದಲ್ಲೇ ಅಡ್ಡಾದಳು.

ಕೂಸು ನಿದ್ದೆಹೋಯಿತು. ಹಂಪಮ್ಮ ಕಿವಿಗೊಟ್ಟು ಕಾದಳು. ಕೆಮ್ಮು ಬರಲಿಲ್ಲ. ಬಾರದೆ ಹೋದಷ್ಟು ಹೊತ್ತೂ ತಪ್ಪು ತನ್ನದೇ ಎಂಬುದು ಗಟ್ಟಿಯಾಗುತ್ತ ಹೋಯಿತು. ಆದರೂ ಕೂಸು ಇನ್ನೂ ಸ್ವಲ್ಪ ಹೊತ್ತು ಹೀಗೇ ಮಲಗಲಪ್ಪ ಎಂದು ಅವಳು ದೇವರನ್ನು ಬೇಡಿಕೊಂಡಳು.