ಇದನ್ನು ಹುಡುಕುತ್ತಿದ್ದೀರಾ

ಕರ್ಸರ್ ಮಿಟುಕುತ್ತಿದೆ, ಮಿಟುಕಲಿ, ಅದಕ್ಕೇನು, ಅದಕ್ಕೆ ತಮ್ಮನಿಲ್ಲ — ಪಕ್ಕದ ಮೇಜಿನವನು ಸೊರ್ ಎಂದು ಚಹಾ ಹೀರುತ್ತಿದ್ದಾನೆ, ಹೇಗೆ ಗಂಟಲಲ್ಲಿ ಇಳಿಯುತ್ತದಪ್ಪಾ ಇವನಿಗೆ, ಬಣ್ಣದ ಕಾರ್ಖಾನೆಗೆ ಬೆಂಕಿ ಬಿದ್ದ ಸುದ್ದಿ ಓದಿ ಹೇಳಿದವನೂ ಇವನೇ, ನನ್ನ ತಮ್ಮ ಅಲ್ಲೇ ಕೆಲಸಕ್ಕಿರುವುದು ಇವನಿಗೆ ಗೊತ್ತಿಲ್ಲ. ಅಮ್ಮನ ಫೋನ್, ಅವನ ಫೋನ್ ಹೋಗ್ತಾನೇ ಇಲ್ಲ ಕಣೇ, ಆಸ್ಪತ್ರೆ ಕಂಪ್ಯೂಟರಲ್ಲಿ ಹುಡುಕೋದನ್ನ ನೀನೇ ತಾನೇ ಮಾಡಿದ್ದು, ಒಂಚೂರು ನೋಡೇ. ನೋಡಿದೆನಮ್ಮಾ. ಹೆಸರು ಹಾಕಿದೆ, ಸಿಗಲಿಲ್ಲ, ಜೀವ ಬಂದಂತಾಯಿತು, ಆಮೇಲೆ ಹೊಳೆಯಿತು — ಪ್ರಜ್ಞೆ ಇಲ್ಲದವರು ಹೆಸರು ಹೇಳುವುದಿಲ್ಲ, ಸತ್ತವರೂ — ಥೂ, ಬಿಡ್ತು ಅನ್ನು, ಬಿಡ್ತು, ಬಿಡ್ತು — ಅಂಥವರ ಮೈಮೇಲಿನ ಬಟ್ಟೆ, ಗುರುತು, ಎಲ್ಲವನ್ನೂ ನರ್ಸ್‌ಗಳು ಬರೆದು ಸೇರಿಸುತ್ತಾರೆ, ಬರೆದ ಮರುಗಳಿಗೆ ನನ್ನ ಹುಡುಕುಪೆಟ್ಟಿಗೆಗೆ ಅದು ಸಿಗುತ್ತದೆ. ಬೆಳಿಗ್ಗೆ, ಅಕ್ಕಾ, ಗುಂಡಿ ಕಿತ್ತು ಬಂತು, ಬೇಗ ಹೊಲಿದುಕೊಡೇ. ಬಿಳಿ ಅಂಗಿಗೆ ಬಿಳಿ ಗುಂಡಿ ಸಿಗಲಿಲ್ಲ, ಕೈಗೆ ಬಂದದ್ದು ನನ್ನ ಹಳೇ ಸ್ವೆಟರಿನದು, ಹಸಿರು, ಅವನು ತೊಟ್ಟಿದ್ದ ಹಾಗೇ ಎದೆಯ ಹತ್ತಿರ ಹೊಲಿದೆ. ಜೋಕರ್ ಥರ ಕಾಣ್ತೀನಲ್ಲೇ. ನಿನ್ನನ್ನ ಯಾರು ನೋಡ್ತಾರೋ, ಹೋಗೋ.

ಹಸಿರು ಗುಂಡಿ ಎಂದು ಹಾಕುತ್ತೇನೆ, ಸಾಲುಸಾಲಾಗಿ ಬಂತು — ಅಯ್ಯೋ ಪೆದ್ದಿ, ಎರಡು ಪದಗಳನ್ನು ಬೇರೆಬೇರೆ ಹುಡುಕಿದೆ ಅದು, ಒಂದರಲ್ಲಿ ಹಸಿರು ಚಪ್ಪಲಿ, ಇನ್ನೊಂದರಲ್ಲಿ ಹಿತ್ತಾಳೆ ಗುಂಡಿಯ ಕೋಟು, ಉಳಿದವನ್ನು ಓದುವ ಧೈರ್ಯವಿಲ್ಲ. ಒಟ್ಟಿಗೇ ಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಊರಿಗೆಲ್ಲ ಪಾಠ ಹೇಳುವವಳು ನಾನು. ಇಡುತ್ತೇನೆ, ಅವಸರದಲ್ಲಿ ಹೊಡೆಯುತ್ತೇನೆ. ಏನೂ ಸಿಗಲಿಲ್ಲ — ಅಬ್ಬಾ, ಸದ್ಯ, ಅವನು ಅಲ್ಲಿಲ್ಲ, ಎಲ್ಲೋ ಹಲ್ಲು ಕಿರಿದುಕೊಂಡು ನಿಂತಿರುತ್ತಾನೆ ಕತ್ತೆ, ಬರಲಿ ಮನೆಗೆ, ಕಿವಿ ಹಿಂಡುತ್ತೇನೆ — ಕಣ್ಣೊರೆಸಿಕೊಂಡು ನೋಡಿದರೆ ನಾನು ಹೊಡೆದದ್ದೇ ತಪ್ಪು, ಒಂದು ಅಕ್ಷರ ಜಾರಿದೆ, ಅದರ ಕೆಳಗೆ ನೀಲಿಯಲ್ಲಿ, ನಯವಾಗಿ, ಇದನ್ನು ಹುಡುಕುತ್ತಿದ್ದೀರಾ, ಹಸಿರು ಗುಂಡಿ.

ಇರು, ಇರು. ಬೇರೆ ಯಾರೋ ಇದನ್ನೇ ಹುಡುಕಿರಬಹುದು, ಅವರಿಂದ ಕಲಿತು ನನಗೆ ತೋರಿಸುತ್ತಿರಬಹುದು — ಇಲ್ಲ, ಅದನ್ನು ತೆಗೆಸಿದವಳೇ ನಾನು, ಮೀಟಿಂಗಿನಲ್ಲಿ ಜಗಳವಾಡಿ ತೆಗೆಸಿದೆ, ಒಬ್ಬರ ಭಯವನ್ನ ಇನ್ನೊಬ್ಬರಿಗೆ ತೋರಿಸಬಾರದು ಸಾರ್, ದಾಖಲೆಯಲ್ಲಿ ಆ ಪದಗಳು ಜೊತೆಗೇ ಇದ್ದರೆ ಮಾತ್ರ ಸೂಚಿಸಲಿ, ಇಲ್ಲದ್ದನ್ನ ತೋರಿಸಿ ಆಸೆ ಹುಟ್ಟಿಸೋದು ಬೇಡ. ನೀನು ಹೇಳೋದೂ ಸರಿ ಕಣಮ್ಮಾ, ಎಂದರು ಸಾರ್. ಹಾಗಾದರೆ ಎಲ್ಲೋ ಒಬ್ಬ ನರ್ಸ್ ಬಗ್ಗಿ ನೋಡಿ ಬರೆದಿದ್ದಾಳೆ, ವಾರ್ಡಿನಲ್ಲೋ, ಕೆಳಗಿನ ತಣ್ಣನೆಯ ಕೋಣೆಯಲ್ಲೋ, ಈ ನೀಲಿ ಸಾಲು ಅದನ್ನು ಹೇಳುವುದಿಲ್ಲ, ಒತ್ತಿದರೆ ಹೇಳುತ್ತದೆ. ಅಮ್ಮನ ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ, ತೆಗೆಯಲಾರೆ, ಏನು ಹೇಳಲಿ, ನನಗೆ ಹೆದರಿಕೆಯಾಗುತ್ತಿದೆ ಅಮ್ಮಾ. ಒತ್ತು. ಒತ್ತುತ್ತೇನೆ. ಕತ್ತರಿ ಸಿಗದೆ ದಾರವನ್ನು ಹಲ್ಲಿನಿಂದಲೇ ಕಡಿದಿದ್ದೆ, ಮೂಗು ಅವನ ಎದೆಗೆ ತಾಗಿತ್ತು, ಕಚಗುಳಿ ಆಗುತ್ತೆ ಬಿಡೇ, ಬೆಚ್ಚಗಿತ್ತು — ಒತ್ತು — ನಾಲ್ಕು ತೂತು, ಬಿಳಿ ದಾರ, ಹಸಿರು ಗುಂಡಿ — ಒತ್ತೇ — ಬೆಚ್ಚಗಿತ್ತು, ಹಸಿರು ಗುಂಡಿ, ಹಸಿರು ಗುಂಡಿ