ಓಪಲ್ ಅತ್ತೆಯ ಉಸಿರು

ಶುಕ್ರವಾರ ಬೆಳಗ್ಗೆ ಶಾಲೆಯ ಬಸ್ಸನ್ನು ಷೆಡ್ಡಿಗೆ ಬಿಟ್ಟು ವರ್ನಾ ಕೋಗರ್ ಮನೆಯ ಮೆಟ್ಟಿಲು ಹತ್ತುತ್ತಿದ್ದಳು, ಫೋನು ಬಡಿದುಕೊಂಡಿತು. ಅವಳಿಗೆ ಜಮೀನು ಮಾರುತ್ತಿದ್ದ ಹಾರ್ಲನ್ ಸ್ಟಟ್ಲರ್ ಅಜ್ಜ.

"ಓಪಲ್ ಅತ್ತೆ ಬೆಳಗ್ಗೆಯಿಂದ ಒಂದೇ ಸಮ ಉಸಿರು ಬಿಡ್ತಾ ಇದಾಳೆ ಕಣಮ್ಮ. ಸೋಮವಾರ ಸಹಿ ಹಾಕೋಕೆ ಮುಂಚೆ ನೀನೊಂದ್ಸಲ ಬಂದು ನೋಡ್ಬೇಕು. ಇವತ್ತೇ ಬಾ. ನಾಳೆಗೆ ಹೇಳೋಕಾಗಲ್ಲ."

ವರ್ನಾಳಿಗೆ ಪಾಪ ಎನ್ನಿಸಿತು. ಹೋದ ವಾರ ಜಮೀನು ನೋಡಲು ಹೋದಾಗಲೂ ಅಜ್ಜ, "ಬಿಸಿಲು ಚೆನ್ನಾಗಿದೆ, ಅತ್ತೆ ಇವತ್ತು ತೆಪ್ಪಗಿದಾಳೆ" ಎಂದಿದ್ದರು. ಎಂಬತ್ತರ ಹತ್ತಿರದ ಇವರಿಗೇ ಅತ್ತೆಯೆಂದರೆ ಆಕೆಗೆ ನೂರಾದರೂ ಆಗಿರಬೇಕು. ಕಾಯಿಲೆಯವರಿದ್ದ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ. ಮಕ್ಕಳಿಗೆಂದು ಮಾಡಿಟ್ಟಿದ್ದ ಕೋಳಿ ನೂಡಲ್ಸನ್ನು ಬಿಸಿ ಮಾಡಿ, ಪಾತ್ರೆಗೆ ಬಟ್ಟೆ ಕಟ್ಟಿ, ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೊರಟಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಇದ್ದದ್ದು ಆ ಸಮತಟ್ಟು ನೆಲವೇ. ವೆಸ್ಟ್ ವರ್ಜಿನಿಯಾದ ಈ ಗುಡ್ಡಗಳಲ್ಲಿ ಸಮತಟ್ಟಾದ ನೆಲವೆಂದರೆ ಸುಮ್ಮನೆ ಸಿಗುವ ವಸ್ತುವಲ್ಲ. ಅಜ್ಜನ ಮೂವತ್ತು ಎಕರೆಯಲ್ಲಿ ಇದ್ದದ್ದೂ ಒಂದೇ ತುಂಡು, ಕೆಳಗೆ ಹಳ್ಳದ ಪಕ್ಕ. ಕಾರ್ಖಾನೆಯಲ್ಲಿ ಕಟ್ಟಿದ ಮನೆಯನ್ನು ಎರಡು ಹೋಳು ಮಾಡಿ ಲಾರಿಯಲ್ಲಿ ತಂದರೆ ಇಳಿಸಲು ಹೇಳಿ ಮಾಡಿಸಿದ ಜಾಗ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಮೂರು ಮಕ್ಕಳನ್ನು ಇಟ್ಟುಕೊಂಡು ಆರು ವರ್ಷ ಕಳೆದಿದ್ದಳು. ಗಂಡ ರಸ್, ನದಿಯ ಹಡಗುಗಳ ಮೇಲೆ ದುಡಿಯುವವನು. ಮನೆಗೆ ಬಂದಾಗಲೆಲ್ಲ ಕಾಲು ಚಾಚಲು ಜಾಗ ಹುಡುಕುತ್ತಿದ್ದ. ಆ ನೆಲ ಕಂಡ ದಿನವೇ ವರ್ನಾ ಹಳ್ಳದಿಂದ ನಾಲ್ಕು ಕಲ್ಲು ತಂದು, ಮುಂದೆ ಬರುವ ಮನೆಯ ನಾಲ್ಕು ಮೂಲೆಗೆ ಇಟ್ಟು ಬಂದಿದ್ದಳು.

ತೊಂದರೆಯಿದ್ದದ್ದು ಒಂದೇ. ನೆಲದ ಅಂಚಿಗೆ ಒಂದು ಹಳೇ ಗ್ಯಾಸ್ ಬಾವಿ. ನೂರು ವರ್ಷಕ್ಕೂ ಹಿಂದೆ ಯಾರೋ ಕೊರೆದು, ಸಿಕ್ಕಷ್ಟು ತೆಗೆದು, ಮುಚ್ಚದೆ ಬಿಟ್ಟು ಹೋದದ್ದು. ಈಗ ಕಾಣುವುದು ಮೊಣಕಾಲೆತ್ತರದ ತುಕ್ಕು ಹಿಡಿದ ಕಬ್ಬಿಣ, ಅದರ ನೆತ್ತಿಯ ಮೇಲೆ ಮೂರು ಬೆರಳಗಲದ ಕೊಳವೆಯ ಬಾಯಿ, ಅಷ್ಟೇ. ಹೋದ ವಾರ ವರ್ನಾ ತನ್ನ ಅಕ್ಕನ ಗಂಡ ಡ್ವೈಟ್‌ನನ್ನು ಕರೆದೊಯ್ದಿದ್ದಳು. ಅವನು ಇಪ್ಪತ್ತು ವರ್ಷದಿಂದ ಗ್ಯಾಸ್ ಕೆಲಸದವನು. ಕೊಳವೆಯ ಬಾಯಿಗೆ ಸಾಬೂನು ನೀರು ಹಚ್ಚಿ, ಮಂಡಿಯೂರಿ ಕೂತು ನೋಡಿದ. ಗ್ಯಾಸ್ ಸೋರಿದರೆ ಏಳಬೇಕಾದ ಗುಳ್ಳೆ ಒಂದೂ ಏಳಲಿಲ್ಲ.

"ಸತ್ತೇ ಹೋಗಿದೆ. ಮಧ್ಯಾಹ್ನ ಬೀನ್ಸ್ ತಿಂದ್ರೆ ಇದಕ್ಕಿಂತ ಜಾಸ್ತಿ ಗ್ಯಾಸ್ ನಾನೇ ಬಿಡ್ತೀನಿ," ಎಂದಿದ್ದ.

"ಭಾವ, ಆ ಸಾಬೂನು ಪೊರೆ ಒಳಕ್ಕೆ ಬಗ್ತಾ ಇದೆಯಲ್ಲ, ಬಟ್ಟಲಿನ ಥರ?"

"ಗಾಳಿ ಕಣೇ. ನೀನು ಬಸ್ಸು ಓಡ್ಸು, ಬಾವಿ ನನಗೆ ಬಿಡು."

ಅವಳು ನಂಬಿದ್ದಳು. ನಂಬುವ ಆಸೆಯೂ ಇತ್ತು.

ಈಗ ಅವಳು ತಲುಪುವ ಹೊತ್ತಿಗೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಅಜ್ಜ ರಸ್ತೆ ಬದಿಯ ತಮ್ಮ ಪುಟ್ಟ ಮನೆಯಲ್ಲಿರಲಿಲ್ಲ. ಕೆಳಗೆ ತಟ್ಟಿನಲ್ಲಿ, ಬಾವಿಯ ಪಕ್ಕ ಟೋಪಿ ತೆಗೆದು ನಿಂತಿದ್ದರು. ವರ್ನಾ ಪಾತ್ರೆ ಹಿಡಿದುಕೊಂಡೇ ಇಳಿದು ಹೋದಳು.

"ಅಜ್ಜ, ಅತ್ತೆ ಎಲ್ಲಿ? ಡಾಕ್ಟರಿಗೆ ಹೇಳಿದ್ರಾ?"

ಅಜ್ಜ ಅವಳನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಅವರ ಮುಖ ನಗುವುದೋ ಅಳುವುದೋ ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿತು.

"ಅಯ್ಯೋ ತಾಯಿ. ಅವಳಿಗೆ ಊಟ ತಂದೆಯಾ? ಓಪಲ್ ಅತ್ತೆ ಹೋಗಿ ಅರವತ್ತು ವರ್ಷ ಆಯ್ತು. ಮಳೆ ಬರೋಕೆ ಮುಂಚೆ ಕುರ್ಚಿಲಿ ಕೂತು ಉಸ್ಸಪ್ಪಾ ಅಂತಿದ್ಲು. ನಮ್ಮಪ್ಪ ಅವಳ ಹೆಸರನ್ನ ಇದಕ್ಕಿಟ್ಟ." ಬೆರಳು ಬಾವಿಯ ಕಡೆ ತೋರಿತು.

ಕೊಳವೆಯ ಬಾಯಿಯ ಮೇಲೆ ತಂತಿಗೆ ಒಂದು ದಾರ, ದಾರದ ತುದಿಗೆ ಹುಂಜದ ಪುಕ್ಕ. ಸುತ್ತ ಒಂದು ಹುಲ್ಲೆಸಳೂ ಅಲುಗುತ್ತಿರಲಿಲ್ಲ. ಆದರೆ ಪುಕ್ಕ ಮಾತ್ರ ಬಾಯಿಯಿಂದ ಮೇಲಕ್ಕೆದ್ದು, ದಾರವನ್ನು ಬಿಗಿಯಾಗಿ ಎಳೆದುಕೊಂಡು, ನೆಟ್ಟಗೆ ನಿಂತು ನಡುಗುತ್ತಿತ್ತು.

ವರ್ನಾ ಪಾತ್ರೆಯನ್ನು ಹುಲ್ಲಿನ ಮೇಲಿಟ್ಟು ಮಂಡಿಯೂರಿದಳು. ಅಂಗೈ ಚಾಚಿದಳು. ತಣ್ಣನೆಯ ಉಸಿರು ತಾಗಿತು. ಬಾಗಿಲು ತೆರೆಯದ ನೆಲಮಾಳಿಗೆಯ ವಾಸನೆ, ಅದರ ಹಿಂದೆ ತೆಳ್ಳಗೆ ಎಣ್ಣೆಯ ಕಮಟು. ಕಿವಿಗೊಟ್ಟಾಗ ಖಾಲಿ ಸೀಸೆಯ ಬಾಯಿಗೆ ಯಾರೋ ಊದಿದಂಥ ಒಂದೇ ಸ್ವರ, ಎಷ್ಟು ಕೆಳಗಿನಿಂದ ಬರುತ್ತಿತ್ತೆಂದರೆ ಅದು ಕಿವಿಗಿಂತ ಮೊದಲು ಮಂಡಿಗೆ ತಿಳಿಯಿತು.

"ಎಷ್ಟು ಆಳ?"

"ಎರಡು ಸಾವಿರ ಅಡಿ. ಬಿಸಿಲಿದ್ದಾಗ ಆಕಾಶ ಗಾಳೀನ ಭಾರವಾಗಿ ಕೆಳಕ್ಕೆ ಒತ್ತುತ್ತೆ, ಆಗ ಒಳಕ್ಕೆ ಎಳ್ಕೋತಾಳೆ. ಮಳೆಗೆ ಮುಂಚೆ ಆಕಾಶ ಕೈ ಸಡಿಲ ಮಾಡಿದ ಕೂಡ್ಲೇ ಬಿಡ್ತಾಳೆ. ರೇಡಿಯೊದವರು ತಪ್ಪು ಹೇಳಿದಾರೆ, ಇವಳು ಹೇಳಿಲ್ಲ."

ವರ್ನಾ ತಲೆಯೆತ್ತಿ ಮೋಡ ನೋಡಿದಳು, ತಗ್ಗಿಸಿ ಆ ಮೂರು ಬೆರಳಗಲದ ಕತ್ತಲೆ ನೋಡಿದಳು. ಅಷ್ಟೆತ್ತರದ ಒಂದು ಮತ್ತು ಅಷ್ಟಾಳದ ಒಂದು, ತನ್ನ ಅಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಗಾಳಿಯನ್ನು ಹಿಡಿದುಕೊಂಡು, ಅವಳ ಅಂಗೈಯ ಮೂಲಕ ಮಾತಾಡಿಕೊಳ್ಳುತ್ತಿದ್ದವು. ಚರ್ಚಿನಲ್ಲೂ ಅವಳಿಗೆ ಹೀಗೆ ಕೂದಲು ನಿಮಿರಿದ್ದಿಲ್ಲ.

ಆಮೇಲೆ ಸಾಬೂನಿನ ಪೊರೆ ನೆನಪಾಯಿತು. ಒಳಕ್ಕೆ ಬಗ್ಗಿದ ಬಟ್ಟಲು.

"ಬಿಸಿಲಿನ ದಿನ ನೋಡಿ ನಮ್ಮನ್ನ ಕರೆಸಿದ್ರಿ," ಎಂದಳು, ತಿರುಗದೆಯೇ.

"ಹೌದು. ಪುಕ್ಕಾನೂ ಬಿಚ್ಚಿ ಜೇಬಿಗೆ ಹಾಕ್ಕೊಂಡಿದ್ದೆ. ಈ ಬಾವಿ ನೋಡಿ ಈಗಾಗ್ಲೇ ಮೂರು ಜನ ಓಡಿಹೋಗಿದಾರೆ." ಅಜ್ಜ ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಆದ್ರೆ ನೀನು ಆ ಕಲ್ಲು ಇಟ್ಟು ಹೋದೆ ನೋಡು. ಈ ಬಾವಿ ಕಡೆ ಮೂಲೆ ಇದೆಯಲ್ಲ, ಅಲ್ಲಿ ಮಕ್ಕಳು ಮಲಗ್ತಾರೆ ಅಂದೆ. ದಿನಾ ಹಾಲಿನ ಡಬ್ಬ ತರೋಕೆ ಹೋಗ್ತಾ ಬರ್ತಾ ಆ ಕಲ್ಲು ಕಾಣೋದು. ಇಲ್ಲಿ ಮನೆ ಇಳಿಸಿದ್ರೆ, ಕೆಟ್ಟ ಹವಾಮಾನದ ದಿನ ಕಿಟಕಿ ಮುಚ್ಚಿಟ್ರೆ ಗ್ಯಾಸೆಲ್ಲ ಮಕ್ಕಳ ಕೋಣೇಲೇ…"

ವರ್ನಾಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಸ್ವಲ್ಪ. ಸೋಮವಾರ ಸಹಿ ಇಲ್ಲವೆಂದರೆ ಮತ್ತೆ ಆ ಎರಡು ಕೋಣೆ. ಎದ್ದು ಸುತ್ತ ನೋಡಿದಳು. ಇಷ್ಟು ಚೆಂದದ ತಟ್ಟು, ಪಕ್ಕದಲ್ಲೇ ನೀರು. ಆದರೂ ಇಲ್ಲಿ ಹಳೇ ಅಡಿಪಾಯದ ಒಂದು ಕಲ್ಲೂ ಇಲ್ಲ.

"ನಿಮ್ಮಪ್ಪ ಎಲ್ಲಿ ಮನೆ ಕಟ್ಟಿದ್ದರು, ಅಜ್ಜ?"

ಅಜ್ಜ ಗದ್ದ ಎತ್ತಿ ತೋರಿಸಿದರು. ಗುಡ್ಡದ ಅರ್ಧದಲ್ಲಿ, ಬೋಳು ಮರಗಳ ನಡುವೆ, ಹಳದಿ ಡ್ಯಾಫೋಡಿಲ್ ಹೂಗಳು ಒಂದು ಚೌಕವನ್ನೇ ಬರೆದು ನಿಂತಿದ್ದವು. ಯಾರೋ ಹೆಂಗಸು ಮನೆಯ ಸುತ್ತ ನೆಟ್ಟದ್ದು. ಮನೆ ಹೋಗಿತ್ತು, ಹೂ ಮನೆಯ ಆಕಾರವನ್ನು ಮರೆತಿರಲಿಲ್ಲ.

"ಲಾರಿ ಅಲ್ಲಿಗೆ ಹತ್ತಲ್ಲ ಕಣಮ್ಮ."

"ಲಾರಿಯವನ ಕೈಲಾಗಲ್ಲ ಅನ್ನಿ. ರಸ್ ದಾರಿ ಕಡೀತಾನೆ. ನಾನು ದಿನಾ ನಲವತ್ತು ಮಕ್ಕಳನ್ನ ತುಂಬ್ಕೊಂಡು ಇದಕ್ಕಿಂತ ಕಡಿದಾದ ಗುಡ್ಡ ಹತ್ತಿಸ್ತೀನಿ." ಅವಳು ಬಾವಿ ಕಡೆಯ ಮೂಲೆಯ ಕಲ್ಲನ್ನು ಎತ್ತಿಕೊಂಡಳು, ಮತ್ತೊಂದನ್ನೂ. "ಮಿಕ್ಕಿದ್ದೆರಡು ನೀವು ತನ್ನಿ. ಶಿಕ್ಷೆ ಅಂದ್ಕೊಳ್ಳಿ."

ಅಜ್ಜ ಬಾಗಿ ಎತ್ತಿಕೊಂಡರು. "ರಾಜ್ಯ ಸರ್ಕಾರದವರ ಪಟ್ಟಿಗೆ ಇವಳ ಹೆಸರು ಬರೆಸು. ಸರದಿ ಬಂದಾಗ ಸಿಮೆಂಟ್ ತುಂಬಿ ಮುಚ್ತಾರೆ. ವರ್ಷಗಟ್ಟಲೆ ಹಿಡಿಯುತ್ತೆ."

"ಬರೆಸ್ತೀನಿ. ಅಲ್ಲೀವರೆಗೆ ಸುತ್ತ ಬೇಲಿ ಹಾಕಿಸ್ತೀನಿ. ಆ ಪುಕ್ಕ ಮಾತ್ರ ಅಲ್ಲೇ ಇರ್ಲಿ. ಇನ್ನೊಂದ್ಸಲ ಜೇಬಿಗೆ ಹೋದ್ರೆ ನೋಡಿ."

ಹೂಗಳ ಚೌಕದ ನಾಲ್ಕು ಮೂಲೆಗೆ ಕಲ್ಲು ಇಟ್ಟಾಯಿತು. ಉಳಿದುಕೊಂಡಿದ್ದ ಹಳೇ ಹೊಸ್ತಿಲ ಕಲ್ಲಿನ ಮೇಲೆ ಇಬ್ಬರೂ ಕೂತರು. ಅಜ್ಜ ಮತ್ತೆ ಕೆಳಗಿಳಿದು ಪಾತ್ರೆ ಹೊತ್ತು ತಂದಿದ್ದರು. ಇದ್ದ ಒಂದೇ ಚಮಚದಲ್ಲಿ ಸರದಿಯ ಮೇಲೆ ತಿಂದರು.

"ಅತ್ತೆ ಇದ್ದಿದ್ರೆ ಉಪ್ಪು ಕಮ್ಮಿ ಅಂತಿದ್ಲು," ಎಂದರು ಅಜ್ಜ.

ಮೊದಲ ಹನಿ ಹೊಸ್ತಿಲ ಮೇಲೆ ಬಿತ್ತು. ಕೆಳಗೆ ತಟ್ಟಿನಲ್ಲಿ ಪುಕ್ಕ ಇನ್ನೂ ನೆಟ್ಟಗೆ ನಿಂತೇ ಇತ್ತು. ವರ್ನಾ ಚಮಚವನ್ನು ಮರೆತು ಅದನ್ನೇ ನೋಡುತ್ತಿದ್ದಳು, ಮತ್ತು ತನಗರಿವಿಲ್ಲದೆಯೇ ತಾನೂ ಉಸಿರನ್ನು ನಿಧಾನವಾಗಿ, ಅದರ ಜೊತೆಯಲ್ಲೇ ಬಿಟ್ಟಳು.