ಅಮ್ಮನ ತಿಥಿ, ಎರಡು ಮನೆಯಲ್ಲಿ

ಸೂರ್ಯನಾರಾಯಣರಿಗೆ ಇಂಟರ್ನೆಟ್ಟಿನ ಹುಚ್ಚು ಹಿಡಿದದ್ದು ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ. ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ, ಕೆಲವರಿಗೆ ಮಠದ ಹುಚ್ಚು ಹಿಡಿಯುತ್ತದೆ. ಇವರಿಗೆ ಇದು ಹಿಡಿಯಿತು, ಮನೆಯವರ ಪುಣ್ಯ ಎನ್ನಬೇಕು.

ಅದು ತೊಂಬತ್ತೊಂಬತ್ತನೆಯ ಇಸವಿ. ದೆಹಲಿಯ ರೋಹಿಣಿಯಲ್ಲಿ ಅವರಿದ್ದ ಸೆಕ್ಟರಿನ ಮಾರ್ಕೆಟ್ಟಿನಲ್ಲಿ, ಹಲ್ವಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಸೈಬರ್ ಕೆಫೆ ಶುರುವಾಗಿತ್ತು. ಕೆಳಗಿನಿಂದ ಜಿಲೇಬಿ ಕರಿಯುವ ವಾಸನೆ, ಮೇಲೆ ನಾಲ್ಕು ಕಂಪ್ಯೂಟರು. ಕಾಲೇಜಿನ ಕೆಲಸಕ್ಕೆಂದು ಅಲ್ಲಿಗೆ ಹೋಗುತ್ತಿದ್ದ ಮಗಳು ಅನನ್ಯಾ ಒಂದು ಶನಿವಾರ ಅಪ್ಪನನ್ನೂ ಕರೆದುಕೊಂಡು ಹೋದಳು. ಮೋಡೆಮ್ಮು ಕಿರ್ರೆಂದು ಕೂಗಿ, ಗೊರಗೊರ ಎಂದು, ಕೊನೆಗೆ ಸುಮ್ಮನಾಯಿತು. ಆಮೇಲೆ ಪರದೆಯ ಮೇಲೆ ಒಂದೊಂದೇ ಗೆರೆಯಾಗಿ ಹಳೇಬೀಡಿನ ಗುಡಿ ಮೇಲಿನಿಂದ ಕೆಳಕ್ಕೆ ಇಳಿಯಿತು. ಸೂರ್ಯನಾರಾಯಣರ ಊರು ಅಲ್ಲಿಂದ ಕೂಗಳತೆ ದೂರ.

"ಇದನ್ನ ಯಾರು ಹಾಕಿದ್ದು?" ಎಂದರು.

"ಯಾರೋ ಹಾಕಿದಾರೆ ಅಪ್ಪ. ಕೋಯೀ ಭೀ, ಯಾರು ಬೇಕಾದ್ರೂ ಹಾಕಬಹುದು."

"ಯಾರ ಪರ್ಮಿಷನ್ ತಗೊಂಡು?"

"ಕಿಸೀ ಕೀ ನಹೀಂ. ಪರ್ಮಿಷನ್ ಬೇಕಿಲ್ಲ."

ಮೂವತ್ತು ಚಿಲ್ಲರೆ ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದ ಮನುಷ್ಯ ಇವರು. ಒಂದು ಪೆನ್ಸಿಲ್ ತರಿಸಬೇಕಾದರೂ ಮೂವರ ಸಹಿ ಬೇಕು. ಯಾರ ಸಹಿಯೂ ಇಲ್ಲದೆ ಒಬ್ಬ ಮನುಷ್ಯ ಇಡೀ ಜಗತ್ತಿಗೆ ಹಳೇಬೀಡು ತೋರಿಸುತ್ತಾನೆ ಎನ್ನುವುದು ಅವರಿಗೆ ನಂಬಲಾಗಲಿಲ್ಲ. ಆವತ್ತಿನಿಂದ ಪ್ರತಿ ಶನಿವಾರ ತಿಂಡಿ ಮುಗಿದ ತಕ್ಷಣ ಚಪ್ಪಲಿ ಮೆಟ್ಟುವುದು ರೂಢಿಯಾಯಿತು.

ಆಗ ದೆಹಲಿಯ ಕನ್ನಡದವರಲ್ಲಿ ಈ ಹುಚ್ಚು ಸಾಂಕ್ರಾಮಿಕವಾಗಿತ್ತು. ಸಂಘದ ಕಾರ್ಯಕ್ರಮಕ್ಕೆ ಹೋದರೆ ಮೊದಲೆಲ್ಲ "ಊರಲ್ಲಿ ಮಳೆಯಂತಾ?" ಎಂದು ಕೇಳುತ್ತಿದ್ದವರು ಈಗ "ಹೊಸ ಸೈಟ್ ಏನಾದ್ರೂ ಸಿಕ್ತಾ?" ಎಂದು ಕೇಳುತ್ತಿದ್ದರು. ವಿಳಾಸಗಳನ್ನು ಬಸ್ ಟಿಕೆಟ್ಟಿನ ಹಿಂದೆ, ಅಂಗೈ ಮೇಲೆ ಬರೆದುಕೊಂಡು ಹೋಗುವುದು. ಒಂದು ಚುಕ್ಕೆ ತಪ್ಪಿದರೂ ಮುಗಿಯಿತು, ಏನೂ ತೆರೆಯುವುದಿಲ್ಲ. ಮುಂದಿನ ವಾರ ಕೊಟ್ಟವನ ಮೇಲೆ ಜಗಳ. ಒಬ್ಬರು ರೈಲಿನ ವೇಳಾಪಟ್ಟಿ ಹುಡುಕಿದ್ದರು. ಹಣಕಾಸು ಇಲಾಖೆಯ ಬಸವರಾಜರು ದೇವರನಾಮಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದ ಪುಟವೊಂದನ್ನು ಹುಡುಕಿ, ಹೆಂಗಸರ ಗುಂಪಿನಲ್ಲಿ ದೊಡ್ಡ ಮನುಷ್ಯರಾಗಿಬಿಟ್ಟಿದ್ದರು. ಸೂರ್ಯನಾರಾಯಣರಿಗೆ ಇದು ಸಹಿಸಲಾಗಲಿಲ್ಲ. ಎಲ್ಲರನ್ನೂ ಮೀರಿಸುವಂಥದ್ದು ಒಂದನ್ನು ತಾನು ಹುಡುಕಲೇಬೇಕೆಂದು ಪಣ ತೊಟ್ಟರು.

ನವೆಂಬರಿನಲ್ಲಿ ಸಿಕ್ಕೇ ಸಿಕ್ಕಿತು. ಬೂದು ಬಣ್ಣದ ಬೋಳು ಪುಟ, ಚಿತ್ರವಿಲ್ಲ, ಅಲಂಕಾರವಿಲ್ಲ. ಯಾವ ಇಸವಿಯ ಯಾವ ತಾರೀಖು ಬೇಕಾದರೂ ತುಂಬು, ಊರು ತುಂಬು, ಒತ್ತು. ಆ ದಿನದ ತಿಥಿ, ನಕ್ಷತ್ರ, ಮಾಸ ಎಲ್ಲ ಹೇಳುತ್ತದೆ. ಮೈಸೂರಿನ ಕಡೆಯಿಂದ ಹೋಗಿ ಕೆನಡಾದಲ್ಲಿ ಗಣಿತ ಕಲಿಸುವ ಮೇಷ್ಟ್ರೊಬ್ಬರು ಬಿಡುವಿನಲ್ಲಿ ಮಾಡಿಟ್ಟಿದ್ದಂತೆ.

ಸೂರ್ಯನಾರಾಯಣರು ಮೊದಲು ತಮ್ಮ ಹುಟ್ಟಿದ ದಿನ ತುಂಬಿದರು. ಜಾತಕದಲ್ಲಿದ್ದ ನಕ್ಷತ್ರವೇ ಬಂತು. ಮದುವೆಯ ದಿನ ತುಂಬಿದರು, ಲಗ್ನಪತ್ರಿಕೆಯ ತಿಥಿಯೇ ಬಂತು. ಅನನ್ಯಾಳದ್ದೂ ಸರಿಹೋಯಿತು. ಹಿಗ್ಗಿ ಹೀರೇಕಾಯಿಯಾದರು. ಆ ಹಿಗ್ಗಿನಲ್ಲೇ ಅವರಿಗೆ ತಮ್ಮ ರಘುನಂದನನ ನೆನಪು ಬಂದದ್ದು. ಬರಬಾರದಿತ್ತು, ಬಂತು.

ರಘುನಂದನ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅಣ್ಣತಮ್ಮಂದಿರ ಮನೆಗಳ ನಡುವೆ ಅರ್ಧ ದಿನದ ಪ್ರಯಾಣ, ಆದರೆ ಮಾತು ನಿಂತು ಹನ್ನೆರಡು ವರ್ಷವಾಗುತ್ತ ಬಂದಿತ್ತು. ಕಾರಣ ಆಸ್ತಿಯಲ್ಲ, ಹೆಂಗಸರೂ ಅಲ್ಲ. ಅಮ್ಮನ ತಿಥಿ.

ಅಮ್ಮ ತೀರಿಕೊಂಡದ್ದು ದೆಹಲಿಯಲ್ಲೇ, ಒಂದು ಡಿಸೆಂಬರಿನ ಮಂಜಿನಲ್ಲಿ. ರಘು ಆಗ ಕಾರ್ಖಾನೆಯ ಕೆಲಸದ ಮೇಲೆ ಭಿಲಾಯಿಗೆ ಹೋಗಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಗಮಬೋಧ ಘಾಟಿನ ಸ್ಮಶಾನದಲ್ಲಿ ಅಲ್ಲಿನ ಪಂಡಿತರು, ನೆನಪಿಟ್ಟುಕೊಳ್ಳಿ, ಪೌಷ ಕೃಷ್ಣ ಪಂಚಮಿ ಎಂದು ಹೇಳಿದ್ದರು. ಪೌಷ ಎಂದರೆ ನಮ್ಮ ಪುಷ್ಯ, ಕೃಷ್ಣ ಎಂದರೆ ಬಹುಳ ಎಂದು ಸೂರ್ಯನಾರಾಯಣರು ಅಳುವಿನ ನಡುವೆಯೂ ಮನಸ್ಸಿನಲ್ಲೇ ಅನುವಾದ ಮಾಡಿಕೊಂಡರು. ತಿಂಗಳು ತಿಂಗಳು ಮಾಡುವ ಮಾಸಿಕ ಶ್ರಾದ್ಧಗಳನ್ನೆಲ್ಲ ಹನ್ನೆರಡನೆಯ ದಿನವೇ ಒಟ್ಟಿಗೆ ಮುಗಿಸಿದ್ದರಿಂದ ವರ್ಷದ ತನಕ ಯಾರೂ ಪಂಚಾಂಗ ತೆರೆಯಲಿಲ್ಲ.

ವರ್ಷಾಬ್ದಿಕ ಹತ್ತಿರ ಬಂದಾಗ ಊರಿಗೆ ಹೋಗಿದ್ದ ರಘು ವಾಪಸು ಬಂದು, "ಅಣ್ಣ, ಊರ ಪುರೋಹಿತರು ಮಾರ್ಗಶಿರ ಬಹುಳ ಪಂಚಮಿ ಅಂತಾರೆ. ಪುಷ್ಯ ಅಲ್ಲವಂತೆ," ಎಂದ. ಯಾಕೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಸೂರ್ಯನಾರಾಯಣರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಅಮ್ಮನ ಬಾಯಿಗೆ ನೀರು ಬಿಟ್ಟೋನು ನಾನು," ಎಂದರು. "ನೀನು ಭಿಲಾಯಿಯಲ್ಲಿ ಮಷೀನು ಕೂರಿಸ್ತಿದ್ದೆ. ಈಗ ನನಗೆ ತಿಥಿ ಹೇಳಿಕೊಡ್ತೀಯಾ?"

ರಘು ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಎದ್ದು ಹೋದ. ಆ ವರ್ಷದಿಂದ ಅಮ್ಮನಿಗೆ ಎರಡು ತಿಥಿ. ಮಾರ್ಗಶಿರದಲ್ಲಿ ಫರೀದಾಬಾದಿನಲ್ಲಿ ಒಂದು, ಪುಷ್ಯದಲ್ಲಿ ರೋಹಿಣಿಯಲ್ಲಿ ಒಂದು. ದೆಹಲಿಯಲ್ಲಿ ಕನ್ನಡ ಪುರೋಹಿತರು ಬೆರಳೆಣಿಕೆಯಷ್ಟು. ಆದರೂ ಇಬ್ಬರೂ ಹಟ ಹಿಡಿದು ಬೇರೆ ಬೇರೆಯವರನ್ನೇ ಹುಡುಕಿಕೊಂಡಿದ್ದರು.

ಈಗ ಕೆಫೆಯಲ್ಲಿ ಕುಳಿತ ಸೂರ್ಯನಾರಾಯಣರ ಲೆಕ್ಕಾಚಾರ ಸರಳವಾಗಿತ್ತು. ಅಮ್ಮ ಹೋದ ತಾರೀಖು ತುಂಬುವುದು, ಬಂದದ್ದನ್ನು ಪ್ರಿಂಟು ತೆಗೆಸುವುದು, ಒಂದು ಮಾತೂ ಬರೆಯದೆ ಫರೀದಾಬಾದಿಗೆ ಪೋಸ್ಟ್ ಮಾಡುವುದು. ತಮ್ಮನ ಮುಖ ಹೇಗಾದೀತೆಂದು ನೆನೆದು ಮೀಸೆಯಡಿಯಲ್ಲೇ ನಕ್ಕರು. ತುಂಬಿದರು, ಒತ್ತಿದರು.

ಮಾರ್ಗಶಿರ, ಕೃಷ್ಣ, ಪಂಚಮಿ.

ಇಸವಿ ತಪ್ಪಿರಬೇಕೆಂದು ಮತ್ತೆ ತುಂಬಿದರು. ಮತ್ತೆ ಅದೇ. ಅನನ್ಯಾಳಿಂದ ತುಂಬಿಸಿದರು. ಅದೇ.

"ಈ ಸೈಟ್ ಸರಿ ಇಲ್ಲ," ಎಂದರು.

"ಅಭೀ ತೋ ಎಲ್ಲಾ ಸರಿ ಇತ್ತಲ್ಲ ಅಪ್ಪ?"

"ಇದೊಂದು ತಪ್ಪಿದೆ. ಚಲೋ, ಇದನ್ನ ಮಾಡಿದೋನಿಗೆ ಬರಿ."

ಬರೆಸಿದರು. ಕಡತದ ಇಂಗ್ಲಿಷಿನಲ್ಲಿ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ ಎಂದು ಶುರುಮಾಡಿ, ದೋಷವನ್ನು ಕೂಡಲೇ ಸರಿಪಡಿಸತಕ್ಕದ್ದು ಎಂದು ಮುಗಿಸಿದರು. ಘಾಟಿನ ಪಂಡಿತರು ಹೇಳಿದ್ದನ್ನೂ ಸಾಕ್ಷಿಗೆ ಸೇರಿಸಿದ್ದರು. ಕೆನಡಾದ ಮೇಷ್ಟ್ರಿಗೆ ಅದನ್ನು ಓದಿ ನಗು ಬಂದಿತೋ ಏನೋ. ಆದರೆ ಮುಂದಿನ ಶನಿವಾರದ ಹೊತ್ತಿಗೆ ಉತ್ತರ ಬಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಚ್ಚ ಕನ್ನಡದಲ್ಲಿ.

"ಸ್ವಾಮಿ, ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಉತ್ತರದವರಿಗೆ ಹುಣ್ಣಿಮೆಗೇ ಮುಗಿಯುತ್ತದೆ. ಹೀಗಾಗಿ ಹುಣ್ಣಿಮೆ ಕಳೆದ ಮೇಲಿನ ಹದಿನೈದು ದಿನ ನಮಗೆ ಇನ್ನೂ ಮಾರ್ಗಶಿರ, ಅವರಿಗೆ ಆಗಲೇ ಪೌಷ. ಘಾಟಿನವರು ಹೇಳಿದ್ದೂ ಸರಿ, ನನ್ನ ಪುಟ ಹೇಳುವುದೂ ಸರಿ. ದಿನ ಒಂದೇ. ಆದರೆ ಅವರ ಪೌಷವನ್ನು ನಮ್ಮ ಪಂಚಾಂಗದಲ್ಲಿ ಹುಡುಕಿದರೆ ಒಂದು ತಿಂಗಳು ಮುಂದೆ ಹೋಗಿಬಿಡುತ್ತೀರಿ. ನಿಮ್ಮ ತಾಯಿಯವರ ತಿಥಿಗೆ ನೋಡುತ್ತಿದ್ದೀರಿ ಎಂದು ಕಾಣುತ್ತದೆ. ದಯವಿಟ್ಟು ಎಚ್ಚರ ವಹಿಸಿ."

ಸೂರ್ಯನಾರಾಯಣರು ಅದನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಪಕ್ಕದ ಫ್ಲ್ಯಾಟಿನವರ ಶ್ರಾವಣ ನಮಗಿಂತ ಮೊದಲೇ ಶುರುವಾಗುವುದನ್ನು ವರ್ಷವರ್ಷವೂ ಕಂಡಿದ್ದರು. ಅದು ಅವರ ಪದ್ಧತಿ, ನಮಗೇನು ಎಂದು ಬಿಟ್ಟಿದ್ದರು. ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲವಲ್ಲ ಎಂದು ತಮ್ಮ ಮೇಲೆಯೇ ಅಸಹ್ಯವಾಯಿತು. "ಕ್ಯಾ ಹುವಾ ಅಪ್ಪ?" ಎಂದು ಅನನ್ಯಾ ಕೇಳಿದರೆ, "ಏನಿಲ್ಲ, ಮನೆಗೆ ಹೋಗೋಣ," ಎಂದರು.

ಮನೆಗೆ ಬಂದು ಹೆಂಡತಿ ಉಷಾಗೆ ಹೇಳಿದರು. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಆಕೆಯ ಕೈ ನಿಂತಿತು.

"ಅಂದ್ರೆ ಇಷ್ಟು ವರ್ಷ ನಾವು ಮಾಡಿದ್ದು?"

"ಯಾವುದೋ ದಿನ ಮಾಡಿದ್ವಿ. ಅಮ್ಮ ತನ್ನ ದಿನ ಬಂದು, ನಮ್ಮ ಬಾಗಿಲಲ್ಲಿ ನಿಂತು, ಒಳಗೆ ಮಾಮೂಲಿ ಅಡುಗೆ ಆಗ್ತಿರೋದು ನೋಡಿ ಹೋಗಿರ್ತಾಳೆ." ಇಂಥದ್ದನ್ನೆಲ್ಲ ನಂಬುವವರಲ್ಲ ಅವರು. ನಂಬುವುದಿಲ್ಲ ಎಂದುಕೊಂಡಿದ್ದರು, ಅಷ್ಟೇ.

ಉಷಾ ಮತ್ತೆ ಬಟಾಣಿಗೆ ಕೈ ಹಾಕುತ್ತ ಹೇಳಿದರು. "ಅತ್ತೆ ಹಸ್ಕೊಂಡೇನೂ ಹೋಗಿಲ್ಲ ರೀ. ಫರೀದಾಬಾದಿನಲ್ಲಿ ಊಟ ಮಾಡಿದಾರೆ."

ಆ ಮಾತು ಸೂರ್ಯನಾರಾಯಣರಿಗೆ ಸಮಾಧಾನವನ್ನೂ ಕೊಟ್ಟಿತು, ಚುಚ್ಚಿತು ಕೂಡ. ತಾನು ಬೈದು ಕಳಿಸಿದವನೇ ಪ್ರತಿವರ್ಷ ಅಮ್ಮನಿಗೆ ಬಡಿಸಿದ್ದ.

"ಈ ಸಲ ನಾವೂ ಆವತ್ತೇ ಮಾಡೋಣ," ಎಂದರು ಉಷಾ. "ಯಾರಿಗೂ ಹೇಳಬೇಕಾಗಿಲ್ಲ. ಪುರೋಹಿತರಿಗೆ ಫೋನ್ ಮಾಡಿದ್ರಾಯ್ತು."

ಅದು ಸುಲಭದ ದಾರಿ. ಒಂದು ವಾರ ಸೂರ್ಯನಾರಾಯಣರು ಅದೇ ದಾರಿಯಲ್ಲೇ ಇದ್ದರು. ಆದರೆ ಆಫೀಸಿನಲ್ಲಿ ಒಂದು ಪದ್ಧತಿಯಿದೆ. ಆದೇಶದಲ್ಲಿ ತಪ್ಪಾದರೆ ತಿದ್ದುಪಡಿ ಹೊರಡಿಸಬೇಕು. ಮೂಲ ಆದೇಶ ಯಾರು ಯಾರಿಗೆ ಹೋಗಿತ್ತೋ ಅವರಿಗೆಲ್ಲ ತಿದ್ದುಪಡಿಯೂ ಹೋಗಲೇಬೇಕು. ಕಪಾಟಿನೊಳಗೆ ತಿದ್ದಿಟ್ಟುಕೊಂಡರೆ ಅದು ತಿದ್ದುಪಡಿಯಲ್ಲ, ಕಳ್ಳತನ. ಎಷ್ಟೋ ಜನ ಕೆಳಗಿನವರಿಗೆ ಇದನ್ನು ಅವರೇ ಗದರಿಸಿ ಕಲಿಸಿದ್ದರು. ಫೋನು ಎತ್ತಿದರು, ಇಟ್ಟರು. ಮತ್ತೊಂದು ದಿನ ಎತ್ತಿದರು, ಆ ಕಡೆ ರಘುವಿನ "ಹಲೋ" ಕೇಳಿ ಇಟ್ಟುಬಿಟ್ಟರು. ಬಾಯಲ್ಲಿ ಬರುವ ಕೆಲಸವಲ್ಲ ಇದು, ಕಾಲಲ್ಲಿ ಹೋಗುವ ಕೆಲಸ ಎಂದು ಕೊನೆಗೆ ಅರ್ಥವಾಯಿತು.

ಡಿಸೆಂಬರಿನ ಕೊನೆಯ ವಾರ ಆ ಪಂಚಮಿ ಬಂತು. ಉಷಾ ಹಿಂದಿನ ದಿನವೇ ಐ.ಎನ್.ಎ. ಮಾರ್ಕೆಟ್ಟಿಗೆ ಹೋಗಿ ಬಾಳೆ ಎಲೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬೆಳಗ್ಗೆ ಮಂಜಿನಲ್ಲಿ ಬಸ್ಸು ತೆವಳುತ್ತ ಹೋಯಿತು. ಆಮೇಲೆ ಲೋಕಲ್ ರೈಲು, ಅದೂ ತಡ. ದಾರಿಯುದ್ದಕ್ಕೂ ಸೂರ್ಯನಾರಾಯಣರು ಒಂದೇ ಮಾತು ಕೇಳುತ್ತಿದ್ದರು.

"ಒಳಗೆ ಕರೀದೇ ಇದ್ರೆ?"

"ಕರೀದಿದ್ರೆ ಎಲೆ ಕೊಟ್ಟು ಬರೋಣ," ಎಂದರು ಉಷಾ. ಮೂರನೆಯ ಸಲ ಕೇಳಿದಾಗ ಎಲೆಯ ಕಟ್ಟನ್ನು ಅವರ ಕೈಗೇ ಕೊಟ್ಟರು.

ಬಾಗಿಲು ತೆಗೆದದ್ದು ತಮ್ಮನ ಹೆಂಡತಿ ಹರಿಣಿ. ಮಡಿಸೀರೆಯಲ್ಲಿದ್ದಳು, ಕೈಯಲ್ಲಿ ಸೌಟು. ಭಾವನನ್ನು ಕಂಡು ಪಕ್ಕಕ್ಕೆ ಸರಿದಳು. ಒಳಗೆ ಪುರೋಹಿತರ ಎದುರು ರಘು ಕುಳಿತಿದ್ದ. ತಲೆಯ ಕೂದಲು ಅಷ್ಟೂ ನರೆತಿತ್ತು. ಯಾವಾಗ ನರೆಯಿತೆಂದು ಅಣ್ಣನಿಗೆ ಗೊತ್ತಿರಲಿಲ್ಲ.

"ಅಣ್ಣ," ಎಂದ ರಘು.

"ಊಟಕ್ಕೆ ಬಂದೆ ಕಣೋ. ಇವತ್ತು ಅಮ್ಮನ ತಿಥಿ ಅಲ್ವಾ?"

ರಘು ಬೆರಳಿನಲ್ಲಿದ್ದ ದರ್ಭೆಯ ಪವಿತ್ರವನ್ನು ತೆಗೆಯಹೋದ. "ನೀನು ಹಿರಿಯ. ನೀನೇ ಕೂತ್ಕೋ."

"ಬೇಡ. ಇಷ್ಟು ವರ್ಷ ಸರಿಯಾದ ದಿನ ಮಾಡಿದೋನು ನೀನು. ನಾನು ಹಿಂದೆ ಇರ್ತೀನಿ." ಸೂರ್ಯನಾರಾಯಣರು ನಿಂತೇ ಇದ್ದರು. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತು. "ರಘು, ತಪ್ಪು ನಂದು. ಇಲ್ಲಿಯವರ ತಿಂಗಳನ್ನ ನಮ್ಮ ಪಂಚಾಂಗದಲ್ಲಿ ಹುಡುಕಿದೆ. ಆವತ್ತು ಭಿಲಾಯಿ ಅಂತ ಅಂದೆನಲ್ಲ, ಅದನ್ನ ಅನ್ನಬಾರದಿತ್ತು."

ಪುರೋಹಿತರು ಕೆಮ್ಮಿದರು. ಹೊತ್ತು ಮೀರುತ್ತಿತ್ತು. ರಘು ತಲೆ ತಗ್ಗಿಸಿಕೊಂಡು ಎಳ್ಳು ನೀರು ಬಿಟ್ಟ. ಅಣ್ಣ ಹಿಂದೆ ನಿಂತು ನೋಡುತ್ತಿದ್ದರು.

ಬ್ರಾಹ್ಮಣರ ಊಟವಾದ ಮೇಲೆ ಮನೆಯವರಿಗೆ ಎಲೆ ಬಿತ್ತು. ಅಣ್ಣ ತಮ್ಮ ಅಕ್ಕಪಕ್ಕ ಕುಳಿತರು. ಹರಿಣಿ ವಡೆ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಇನ್ಮೇಲೆ ಜನವರಿಯಲ್ಲೂ ಇವರು ಊಟ ಮಾಡಬಹುದು."

"ಹರಿಣಿ," ಎಂದು ರಘು ತಡೆದ.

"ಏನಮ್ಮ ಅದು?" ಎಂದರು ಸೂರ್ಯನಾರಾಯಣರು.

"ಪುಷ್ಯದಲ್ಲಿ ನಿಮ್ಮನೇಲಿ ತಿಥಿ ಆಗೋ ದಿನ ಇವರೂ ಒಪ್ಪತ್ತು ಭಾವ. ರಾತ್ರಿ ಏನೂ ಮುಟ್ಟಲ್ಲ. ಮೊದಲ ವರ್ಷದಿಂದಲೂ ಹೀಗೇ."

ಸೂರ್ಯನಾರಾಯಣರು ತಮ್ಮನ ಕಡೆ ತಿರುಗಿದರು. "ನಿನಗೆ ಸರಿಯಾದ ದಿನ ಗೊತ್ತಿತ್ತಲ್ಲೋ. ಮತ್ಯಾಕೆ?"

ರಘು ಎಲೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತಿದ್ದ. "ಗೊತ್ತಿತ್ತು ಅಂತ ಹೇಗೆ ಹೇಳಲಿ? ಅಮ್ಮನ ಹತ್ತಿರ ಇದ್ದೋನು ನೀನು. ನಾನು ಇರಲಿಲ್ಲವಲ್ಲ."

ಸೂರ್ಯನಾರಾಯಣರು ಎಂಜಲು ಕೈ ಹಾಗೇ ಇಟ್ಟುಕೊಂಡು, ಎಡಗೈಯನ್ನು ತಮ್ಮನ ಬೆನ್ನ ಮೇಲಿಟ್ಟು, ಎಲ್ಲರ ಎದುರೇ ಅತ್ತರು. ಹರಿಣಿ ಪಾಯಸ ತರಲು ಒಳಗೆ ಹೋದಳು.